ಹೊಸಾವು ಮುಂದಕ್ಕೆ

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆ ಒಂದು ಕಡೆಗೆ, ಕೇರಳದ ರಸ್ತೆ ಒಂದು ಕಡೆಗೆ ಕವಲಾಗೋ ಜಾಗದ ಹತ್ತಿರ ಪುಟ್ಟಮಾದಯ್ಯನ ಟಯರ್ ಅಂಗಡಿ. ಬೋರ್ಡಿಲ್ಲ. ಒಂದು ಕಂಪ್ರೆಸರು, ಎರಡು ಜಾಕಿ, ಒಂದು ಉದ್ದನೆಯ ವೀಲ್ ಸ್ಪ್ಯಾನರು, ಕೂರೋಕೊಂದು ಹಲಗೆ, ಅಷ್ಟೇ ಆಸ್ತಿ. ಬೋರ್ಡು ಯಾಕೆ ಬೇಕು? ಸುಲ್ತಾನ್ ಬತ್ತೇರಿ ಬಿಟ್ಟ ಲಾರಿಯವನೂ ದಾರಿಯಲ್ಲಿ ಟಯರು ಕೈಕೊಟ್ರೆ, ಹೆಂಗಾದರೂ ಮಾದಯ್ಯನ ತನಕ ತಲುಪಿಬಿಡೋಣ ಅಂತ ಉರುಳಿಸಿಕೊಂಡು ಬರ್ತಿದ್ದ.

ಬೇರೆ ಅಂಗಡಿಯಲ್ಲಿ ಟಯರ್ ಹಾಕಿಸಿದ ಡ್ರೈವರು ನಾಲ್ಕು ಮೈಲಿ ಹೋಗಿ, ಗಾಡಿ ನಿಲ್ಲಿಸಿ, ನಟ್ಟುಗಳನ್ನ ತಾನೇ ಇನ್ನೊಂದು ಸಲ ಬಿಗಿದು ನೋಡ್ತಾನೆ. ಅದು ಅವರ ರೂಢಿ, ತಪ್ಪೇನಿಲ್ಲ. ಪುಟ್ಟಮಾದಯ್ಯ ಬಿಗಿದ ನಟ್ಟನ್ನ ಮಾತ್ರ ಯಾರೂ ಮುಟ್ಟಿ ನೋಡ್ತಿರಲಿಲ್ಲ. ಒಂದು ಸಲ ಯಾವನೋ ಹೊಸ ಡ್ರೈವರು ಅವನ ಕಣ್ಣೆದುರೇ ಸ್ಪ್ಯಾನರ್ ಕೈಗೆ ತಗೊಂಡಾಗ, "ನನ್ ಮ್ಯಾಲೆ ನಂಬ್ಕೆ ಇಲ್ದಿದ್ಮೇಲೆ ನನ್ ಅಂಗ್ಡಿಗ್ ಯಾಕ್ಲಾ ಬಂದೆ?" ಅಂತ ಹಾಕಿದ ಟಯರನ್ನ ಬಿಚ್ಚಿ ನೆಲಕ್ಕೆ ಬಿಸಾಕಿ, ಹೋಗು ಅಂದುಬಿಟ್ಟಿದ್ದ. ಅಂಥಾ ರೋಷದ ಮನುಷ್ಯ.

ಅವನದು ಒಂದೇ ಕಾನೂನು. ಹೊಸಾವು ಮುಂದಕ್ಕೆ, ಹಳೇವು ಹಿಂದಕ್ಕೆ. ಲಾರಿಗೆ ಹಿಂದೆ ಜೋಡಿ ಜೋಡಿ ಟಯರು, ಒಂದು ಒಡೆದ್ರೆ ಪಕ್ಕದ್ದು ತಡೀತದೆ. ಮುಂದಿನದು ಒಡೆದ್ರೆ ಸ್ಟೇರಿಂಗು ಡ್ರೈವರ ಕೈಲಿ ಉಳಿಯೋದಿಲ್ಲ. ಸವೆದ ಟಯರಿನ ಮೇಲೆ ಹೊಸ ರಬ್ಬರು ಅಂಟಿಸಿ ರೀಬಟನ್ ಅಂತ ಮಾಡ್ತಾರಲ್ಲ, ಅದನ್ನ ಮುಂದಕ್ಕೆ ಹಾಕಿಕೊಡು ಅಂದ್ರೆ ಯಾವ ದೊಡ್ಡ ಮನುಷ್ಯನೇ ಆಗಲಿ, ಪುಟ್ಟಮಾದಯ್ಯ ಜಾಕಿ ಮುಟ್ತಿರಲಿಲ್ಲ.

ಈ ಕಾನೂನು ಹುಟ್ಟಿದ್ದು ಅವನ ತಮ್ಮ ಮೂಗಯ್ಯ ಸತ್ತ ದಿವಸ. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಮೂಗಯ್ಯ ಚಾಮರಾಜನಗರದ ಶಾಂತಮಲ್ಲಪ್ಪನವರ ಕರಿಕಲ್ಲಿನ ಕ್ವಾರಿಗೆ ಲಾರಿ ಓಡಿಸ್ತಿದ್ದ. ಹಂಗಳದ ಹತ್ತಿರ ಮುಂದಿನ ರೀಬಟನ್ ಟಯರು ಸಿಡಿದು, ಲಾರಿ ಆಲದ ಮರಕ್ಕೆ ಹೊಡೀತು. ಹಿಂದಿದ್ದ ಕಲ್ಲು ಮುಂದಕ್ಕೆ ಬಂತು. ಇನ್ನೇನು ಹೇಳೋದು? ಹೆಂಡತಿ ಪುಟ್ಟಮಲ್ಲಮ್ಮನ ಕಂಕುಳಲ್ಲಿ ಎರಡು ವರ್ಷದ ಮಗ ಗಿರೀಶ ಇದ್ದ.

"ಮೂಗಯ್ಯನೇ ಹಟ ಮಾಡಿ ಹಾಕಿಸ್ಕೊಂಡನಂತೆ ಆ ಟಯರನ್ನ," ಅಂತ ಊರೆಲ್ಲ ಅಂತು. ಸತ್ತವನು ಎದ್ದು ಬಂದು ಇಲ್ಲ ಅಂತಾನಾ? ನಿಜ ಗೊತ್ತಿದ್ದದ್ದು ಇಬ್ಬರಿಗೆ. ಹಾಕು ಅಂದವರು ಶಾಂತಮಲ್ಲಪ್ಪನವರು, ಹಾಕಿದವನು ಪುಟ್ಟಮಾದಯ್ಯ. "ಅಣ್ಣಾ, ಇದು ಬ್ಯಾಡ ಕಣಣ್ಣಾ," ಅಂದಿದ್ದ ಮೂಗಯ್ಯ. "ಒಂದ್ ಟ್ರಿಪ್ಪು ಕಣ್ಲಾ, ಏನಾಯ್ತದೆ, ಓಗು," ಅಂತ ಇವನೇ ಬೆನ್ನು ತಟ್ಟಿ ಹತ್ತಿಸಿದ್ದ. ಅದನ್ನ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ತಮ್ಮನ ಹೆಂಡತಿ ಮಗನನ್ನ ತನ್ನ ಮನೆಗೇ ಕರ್ಕೊಂಡು ಬಂದು, ತನಗೆ ಮಕ್ಕಳಿಲ್ಲದ ಕೊರಗನ್ನೂ ಸೇರಿಸಿ ಆ ಮಗುವನ್ನ ಸಾಕಿದ. ಅವನಿಗೆ ಒಂದೇ ಒಂದು ಮಾತು ಹೇಳಿ ಬೆಳೆಸಿದ. "ಏನ್ ಬೇಕಾದ್ರೂ ಆಗ್ಲಾ ಮಗನೆ, ಲಾರಿ ಒಂದ್ ಹತ್ತಬ್ಯಾಡ."

ಗಿರೀಶ ಲಾರಿ ಹತ್ತಲಿಲ್ಲ. ಕಾರು ಹತ್ತಿದ. ಅದೂ ಎಂಥಾ ಕಾರು ಅಂತೀರಿ! ಶಾಂತಮಲ್ಲಪ್ಪನವರ ಕಿರಿ ಮಗ ಶಿವಶಂಕರನಿಗೆ ಶೋಕಿ ಜಾಸ್ತಿ. ಎರಡು ಸಾವಿರದ ಎಂಟನೇ ಇಸವಿ, ಯುಗಾದಿ ಕಳೆದ ಮೇಲೆ ಕೊಚ್ಚಿಯಲ್ಲಿ ಯಾರದೋ ಕೈಯಿಂದ ಒಂದು ಜಪಾನ್ ಕಾರು ಕೊಂಡು ತಂದ. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗೋ ಹಂಗಿತ್ತು. ತಂದದ್ದೇನೋ ತಂದ, ಓಡಿಸೋಕೆ ಎದೆ ಬೇಡವಾ? ನೆಟ್ಟಗಿರೋ ರಸ್ತೆಯಲ್ಲಿ ಮೀಸೆ ತಿರುವ್ತಾ ಓಡಿಸ್ತಿದ್ದ, ತಿರುವು ಬಂತು ಅಂದ್ರೆ ಅವರಲ್ಲಿ ಡ್ರೈವರಾಗಿ ಸೇರಿದ್ದ ಗಿರೀಶನಿಗೆ ಬಿಟ್ಟುಕೊಡ್ತಿದ್ದ.

ಗಿರೀಶ ಆ ಕಾರನ್ನ ಓದಿಕೊಂಡ. ಚಾಮರಾಜನಗರದ ಸೈಬರ್ ಕೆಫೆಯಲ್ಲಿ ಕೂತು ಅದರ ಪೂರ್ತಿ ಜಾತಕ ತೆಗೆದ. ಆರು ತಿಂಗಳಲ್ಲಿ ಅದು ಅವನು ಹೇಳಿದ ಹಾಗೆ ಕೇಳೋಕೆ ಶುರುವಾಯ್ತು. ಊಟಿ ಘಾಟಿಯಲ್ಲಿ ಒಂದು ಸಲ ಅವನು ಇಳಿಸಿಕೊಂಡು ಬಂದಿದ್ದನ್ನ ಕೊಯಮತ್ತೂರಿನ ಸುಧಾಕರ್ ಅನ್ನೋರು ಹಿಂದಿನ ಕಾರಿನಿಂದ ನೋಡಿದ್ದರು. ರೇಸಿನ ಕಾರು ಸಜ್ಜು ಮಾಡೋ ವರ್ಕ್‌ಶಾಪ್ ಅವರದು, ಮೂಲ ನಮ್ಮ ಕಡೆಯವರೇ. ಅವರಿಗೆ ರೇಸಿಗೊಬ್ಬ ಡ್ರೈವರು ಬೇಕಿತ್ತು, ಕಾರು ಯಾರದು ಅಂತ ವಿಚಾರಿಸಿದರು. ಬರೋ ಭಾನುವಾರ ಬರ್ತೀನಿ, ಬದನಗುಪ್ಪೆ ಹತ್ತಿರ ಫ್ಯಾಕ್ಟರಿ ಬರುತ್ತೆ ಅಂತ ಹೊಸ ಟಾರು ರಸ್ತೆ ಹಾಕಿರೋ ಬಯಲಿದೆಯಲ್ಲ, ಅಲ್ಲಿ ನಿಮ್ಮ ಹುಡುಗನ ಕೈ ನೋಡ್ತೀನಿ, ಸರಿ ಅನ್ನಿಸಿದ್ರೆ ಕರ್ಕೊಂಡೇ ಹೋಗ್ತೀನಿ ಅಂತ ಶಿವಶಂಕರನಿಗೆ ಫೋನ್ ಮಾಡಿದರು. ಶಿವಶಂಕರನಿಗೂ ಹೆಮ್ಮೆ. ತನ್ನ ಕಾರು, ತನ್ನ ಡ್ರೈವರು ಅಂತ.

ಅವತ್ತಿನಿಂದ ಗಿರೀಶ ನೆಲದ ಮೇಲೆ ನಿಲ್ಲಲಿಲ್ಲ ಕಣ್ರೀ. ಪುಟ್ಟಮಲ್ಲಮ್ಮ ಮಗನಿಗೆ ಎರಡು ಹೊಸ ಶರಟು ತಂದಿಟ್ಟಳು. ಪುಟ್ಟಮಾದಯ್ಯನಿಗೂ ಖುಷಿ, ಒಳಗೊಳಗೇ ಭಯ.

ಆ ಭಾನುವಾರಕ್ಕೆ ಐದು ದಿನ ಮುಂಚೆ ಶಿವಶಂಕರ ಕಾರನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದ. ಹಿಂದಿನ ಎರಡು ಟಯರು ಬೋಳಾಗಿ ನೂಲು ಕಾಣ್ತಿತ್ತು.

"ಮಾದಯ್ಯ, ನಾಲ್ಕಕ್ಕೂ ಇನ್ನೂರ ಐವತ್ತೈದು ಹಾಕ್ಬುಡು. ಹಿಂದಿಂದ ನೋಡಿದ್ರೆ ದಪ್ಪಗೆ ಕಾಣ್ಬೇಕು."

ಟಯರಿನ ಪಕ್ಕೆಯ ಮೇಲೆ ಬರೆದಿರೋ ಮೊದಲನೇ ನಂಬರು ಅದರ ಅಗಲ. ಕಾರಿಗೆ ಇದ್ದದ್ದು ನಾಲ್ಕೂ ಇನ್ನೂರೈದು. ಪುಟ್ಟಮಾದಯ್ಯ ಮರದ ಅಡಿಪಟ್ಟಿ ತಗೊಂಡು ರಿಮ್ಮು ಅಳೆದ, ಏಳೂವರೆ ಇಂಚು. ಸ್ಟೇರಿಂಗು ಪೂರ್ತಿ ತಿರುಗಿಸಿ, ಟಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದ.

"ಆಗಕಿಲ್ಲ ಬುದ್ಧಿ. ಈ ರಿಮ್ಮಿಗೆ ಇನ್ನೂರ ಐವತ್ತೈದು ಕೂರಿಸಿದ್ರೆ ಪಕ್ಕೆ ಉಬ್ಬಿ, ತಿರುಗಿಸ್ದಾಗ ಗಾಡಿಗೆ ಉಜ್ತದೆ. ರಬ್ಬರೆಲ್ಲ ಅಗ್ಲವಾಗಿ ನೆಲಕ್ಕೂ ಕೂರಕಿಲ್ಲ. ಇನ್ನೂರ ಮೂವತ್ತೈದಕ್ಕಿಂತ ಮ್ಯಾಲೆ ಓಗ್ಬ್ಯಾಡಿ."

"ಅದೂ ಎರಡೇ ಸಾಕು," ಅಂದ ಗಿರೀಶ. "ಹಿಂದಕ್ಕೆ. ಮುಂದಿನವು ಇನ್ನೂ ಅರ್ಧ ಅವೆ, ಅವು ಅಲ್ಲೇ ಇರ್ಲಿ."

ಶಿವಶಂಕರ ತಲೆ ಅಲ್ಲಾಡಿಸಿ ಕಲ್ಲಿಕೋಟೆಗೆ ಫೋನ್ ಮಾಡಿದ. ಎರಡು ಟಯರು ಕಲ್ಲಿಕೋಟೆ ಬಸ್ಸಿನ ಮೇಲೆ ಹೇರಿಕೊಂಡು ಶುಕ್ರವಾರ ಬಂದವು. ಘಮ್ಮನ್ನೋ ರಬ್ಬರು, ಮೈಮೇಲೆ ಕೂದಲಿನಂಥ ಎಳೆಗಳು ಇನ್ನೂ ಹಂಗೇ ಇದ್ದವು. ಪುಟ್ಟಮಾದಯ್ಯ ಕೈಯಾಡಿಸಿ ನೋಡಿದ. ಅಂಥಾ ಟಯರು ಅವನ ಕೈಗೆ ಬಂದಿದ್ದೇ ಮೊದಲು.

"ಇವ್ನ ಮುಂದಕ್ಕಾಕಿ, ಮುಂದಿರೋವ್ನ ಹಿಂದಕ್ಕಾಕ್ತೀನಿ ಕಣ್ಲಾ," ಅಂದ.

"ಅಯ್ಯೋ ದೊಡ್ಡಪ್ಪಾ, ಬ್ಯಾಡ!" ಗಿರೀಶ ಹಾರಿ ಬಿದ್ದ. "ಇದು ಲಾರಿ ಅಲ್ಲ ಕಣ. ಇದ್ರ ಶಕ್ತಿಯೆಲ್ಲ ಹಿಂದಿನ ಚಕ್ರಕ್ಕೆ ಓಗೋದು. ಒಳಗೆ ಟರ್ಬೋ ಅದೆ, ಇಂಜಿನ್ನಿಗೆ ಗಾಳಿ ತುರುಕೋ ಫ್ಯಾನು. ಮೂರು ಸಾವ್ರ ಸುತ್ತು ಬರೋಗಂಟ ಹಸುವಿನಂಗೆ ಸುಮ್ಕಿರ್ತದೆ, ಆಮೇಲೆ ಒಂದೇ ಸಲ ಒದೀತದೆ. ಆ ಒದೆತ ತಡಿಯಕ್ಕೆ ಹಿಂದೆ ಅಗಲ ಬೇಕು, ಹೊಸ ರಬ್ಬರು ಬೇಕು. ತೆಳ್ಳಗಿರೋ ಹಳೇದನ್ನ ಹಿಂದಕ್ಕೆ ಹಾಕಿದ್ರೆ ತಿರುವಲ್ಲಿ ಹಿಂಭಾಗ ಮುಂದಕ್ಕೆ ಬಂದ್ಬುಡ್ತದೆ."

"ನಿಮ್ಮಪ್ಪ ಸತ್ತಿದ್ದು ಮುಂದಿನ್ ಟಯರಿಂದ. ಗೊತ್ತಿಲ್ವಾ?"

"ಗೊತ್ತು. ಅದು ರೀಬಟನ್ನು, ಹತ್ತು ಟನ್ ಕಲ್ಲು ಹೊತ್ತಿತ್ತು. ಇದು ಒಡಿಯಕಿಲ್ಲ, ಜಾರ್ತದೆ. ಒಡಿಯೋದು ಬೇರೆ, ಜಾರೋದು ಬೇರೆ. ನಿನ್ ಕೈಮುಗೀತೀನಿ, ಭಾನುವಾರ ಒಂದಿನ ನನ್ ಮಾತ್ ಕೇಳು ದೊಡ್ಡಪ್ಪ. ನನ್ ಜೀವನಾನೇ ಆ ಎರಡು ಚಕ್ರದ ಮ್ಯಾಲೆ ನಿಂತದೆ."

ಹುಡುಗ ಹೇಳಿದ್ದರಲ್ಲಿ ಹುರುಳಿದೆ ಅಂತ ಪುಟ್ಟಮಾದಯ್ಯನ ಬುದ್ಧಿಗೆ ಹತ್ತಿತು. ಹತ್ತದೇ ಇರೋವಷ್ಟು ದಡ್ಡನೇನಲ್ಲ ಅವನು. "ಆಯ್ತು ಬುಡ್ಲಾ, ಹಿಂದಕ್ಕೇ ಹಾಕ್ತೀನಿ," ಅಂದ. ಗಿರೀಶ ನಂಬಿದ. ದೊಡ್ಡಪ್ಪ ಒಂದು ಮಾತು ಅಂದ್ರೆ ಮುಗೀತು ಅಂತ ಹುಟ್ಟಿದಾಗಿಂದ ನೋಡಿದ್ದನಲ್ಲ. ಶನಿವಾರ ಬೆಳಿಗ್ಗೆಯೇ ಶಾಂತಮಲ್ಲಪ್ಪನವರು ಮನೆಮಂದಿಯ ಗಾಡಿ ಓಡಿಸೋಕೆ ಅವನನ್ನ ಸಂತೆಮರಹಳ್ಳಿಗೆ ಮದುವೆಗೆ ಕರ್ಕೊಂಡು ಹೋದರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿದಿತ್ತು. ಮಾತು ಕೊಟ್ಟ ಹಾಗೇ ಅಗಲದ ಎರಡು ಹಿಂದೆ, ಅರ್ಧ ಸವೆದ ಇನ್ನೂರೈದು ಮುಂದೆ. ನಟ್ಟು ಬಿಗಿದು, ಕೈ ಒರೆಸಿಕೊಂಡು ಹಲಗೆ ಮೇಲೆ ಕೂತ. ಆಕಾಶ ಮೋಡ ಹಾಕಿತ್ತು, ಚಿತ್ತೆ ಮಳೆ ಸೋನೆ ಹಿಡಿದಿತ್ತು. ಆಗ ಪುಟ್ಟಮಲ್ಲಮ್ಮ ಮುದ್ದೆ ಸಾರು ತಗೊಂಡು ಬಂದಳು. ಇಟ್ಟು ಹೋಗೋಳು ಹೋಗಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದಳು. ಮುಂದಿನ ಚಕ್ರದ ಹತ್ತಿರ ಕೂತು ಆ ಸವೆದ ರಬ್ಬರಿನ ಮೇಲೆ ಕೈಯಿಟ್ಟಳು.

"ಬಾವಾ, ಹೊಸಾವು ಹಿಂದಕ್ಕೆ ಹಾಕಿದೀಯಲ್ಲ?"

"ಇದಕ್ಕೆ ಹಂಗೇಯ ಕಣಮ್ಮಿ. ಗಿರೀಶನೇ ಹೇಳವ್ನೆ."

"ಅವ್ನಿಗೇನ್ ಗೊತ್ತು ಬಾವಾ, ಹುಡುಗ. ಊರ್ನೋರಿಗೆಲ್ಲ ಹೊಸಾವು ಮುಂದಕ್ಕೆ ಹಾಕ್ತೀಯ. ನನ್ ಮಗನಿಗೆ ಮಾತ್ರ ಹಳೇವಾ?" "ಅವರಪ್ಪನೂ ಮುಂದಕ್ಕೆ ಹಳೇದ್ ಹಾಕಿಸ್ಕೊಂಡೇ ಅಲ್ವಾ ಹೋಗಿದ್ದು? ಅವಾಗ ನೀನು ತಡೀಲಿಲ್ಲ. ಇವಾಗ್ಲಾದ್ರೂ ತಡೀಬಾರ್ದಾ?"

ಅವಳಿಗೇನು ಗೊತ್ತಿತ್ತು, ಪಾಪ. ಗೊತ್ತಿಲ್ಲದೇ ಸರಿಯಾಗಿ ಹುಣ್ಣಿನ ಮೇಲೇ ಬೆರಳಿಟ್ಟಳು. ಪುಟ್ಟಮಾದಯ್ಯ ಮುದ್ದೆ ತಟ್ಟೆಯನ್ನ ಪಕ್ಕಕ್ಕೆ ಸರಿಸಿದ. ಅವಳು ಹೋದ ಮೇಲೂ ಕಣ್ಣು ಆ ಮುಂದಿನ ಚಕ್ರದಿಂದ ಕೀಳೋಕಾಗಲಿಲ್ಲ. ನೋಡ್ತಾ ನೋಡ್ತಾ ಅದು ಕಾರಿನದಾಗಿ ಉಳಿಯಲಿಲ್ಲ, ಲಾರಿಯದಾಯ್ತು. "ಅಣ್ಣಾ, ಇದು ಬ್ಯಾಡ ಕಣಣ್ಣಾ," ಅನ್ನೋದು ಕಿವಿಗೆ ಬಿತ್ತು. ಗಿರೀಶ ಹೇಳಿದ ಲೆಕ್ಕ, ಟರ್ಬೋ, ಒದೆತ ಎಲ್ಲಾ ಮಣ್ಣುಪಾಲಾಯ್ತು. ಎದ್ದ. ಜಾಕಿ ಕೊಟ್ಟ. ಹಿಂದಿನವನ್ನ ಬಿಚ್ಚಿ ಮುಂದಕ್ಕೆ, ಮುಂದಿನವನ್ನ ಹಿಂದಕ್ಕೆ ಹಾಕಿಬಿಟ್ಟ. ನಾಲ್ಕು ರಿಮ್ಮೂ ಒಂದೇ ಅಳತೆ, ಕೂರೋಕೆ ಏನೂ ಅಡ್ಡಿಯಾಗಲಿಲ್ಲ. ಕೊನೇ ನಟ್ಟು ಬಿಗಿದಾಗ ಎದೆ ಹಗುರವಾಯ್ತು, ಸುಳ್ಳು ಯಾಕೆ ಹೇಳಬೇಕು. ಈ ಸಲ ತಡೆದೆ ಅಂದುಕೊಂಡ.

ಭಾನುವಾರ ಬೆಳಿಗ್ಗೆ ಶಿವಶಂಕರ ಬಂದು ಕಾರು ತಗೊಂಡು ಹೋದ. ಮಳೆ ಬಂತು ಅಂದ್ರೆ ಅವನಿಗೆ ಜೀವದ ಮೇಲೆ ಆಸೆ ಜಾಸ್ತಿ, ಎತ್ತಿನ ಗಾಡಿ ಥರ ಓಡಿಸಿಕೊಂಡು ಹೋದ. ಟಯರ್ ಎಲ್ಲಿ ಯಾವುದಿದೆ ಅಂತ ಬಗ್ಗಿ ನೋಡೋ ಗಂಡಸಲ್ಲ ಅವನು. ಗಿರೀಶ ಮದುವೆ ಮನೆಯಿಂದ ನೇರ ಬಸ್ ಹಿಡಿದು ಬದನಗುಪ್ಪೆಗೆ ಬರೋದು ಅಂತ ಮಾತಾಗಿತ್ತು. ಪುಟ್ಟಮಾದಯ್ಯ ಅಂಗಡಿಯಲ್ಲೇ ಉಳಿದ.

ಮಧ್ಯಾಹ್ನ ಎರಡು ಗಂಟೆಗೆ ಶಿವಶಂಕರ ಬೇರೆ ಜೀಪಿನಲ್ಲಿ ಬಂದು ಇಳಿದ. ಮುಖ ಕೆಂಡ.

"ನಿನ್ ಮಗ ನನ್ ಮರ್ಯಾದೆ ಹರಾಜು ಹಾಕ್ಬುಟ್ಟ ಕಣಯ್ಯ! ಎರಡನೇ ತಿರುವಲ್ಲೇ ಗಿರಗಿರ ಅಂತ ಮೂರು ಸುತ್ತು ಸುತ್ತಿ ಜಲ್ಲಿ ರಾಶಿಗೆ ಹೊಡ್ದ. ಕಾರು ಚಿಂದಿ. ಅವ್ನ ಬಲಗೈ ಮಣಿಕಟ್ಟು ಮುರಿದದೆ, ಆಸ್ಪತ್ರೆಲಿ ಅವ್ನೆ."

"ಜೀವಕ್ಕೆ..."

"ಏನೂ ಆಗಿಲ್ಲ. ಕೇಳಿಲ್ಲಿ. ಸುಧಾಕರ್ ಬಗ್ಗಿ ನೋಡಿ, ಇದ್ಯಾರಯ್ಯ ಅಗಲದವನ್ನ ಮುಂದಕ್ಕೆ ಹಾಕಿರೋದು, ಹಿಂದೆ ತೆಳ್ಳಗಿನ ಹಳೇವು, ಮಳೇಲಿ ಇದನ್ನ ಹಿಂಗೆ ಯಾವೋನಾದ್ರೂ ಓಡಿಸ್ತಾನಾ ಅಂದ್ರು. ನಾನು ನಿನ್ನೇ ಬಯ್ಯೋಕೆ ಬಾಯಿ ತೆಗ್ದೆ. ಅಷ್ಟ್ರಲ್ಲಿ ನಿನ್ ಮಗ, ಕೈ ಹಿಡ್ಕೊಂಡು ಬಿದ್ದಿದ್ದವ್ನು, 'ದೊಡ್ಡಪ್ಪ ಹಿಂದಕ್ಕೆ ಹಾಕ್ತೀನಿ ಅಂದ್ರು ಸಾರ್, ನಾನೇ ಹಟ ಮಾಡಿ ಮುಂದಕ್ಕೆ ಹಾಕ್ಸಿದ್ದು' ಅಂದ. ಸುಧಾಕರ್ ಮುಖ ನೋಡ್ಬೇಕಿತ್ತು. ಇಷ್ಟೂ ಗೊತ್ತಿಲ್ಲದೋನ್ಗೆ ನಾನು ಕಾರ್ ಕೊಡ್ಲಾ ಅಂದ್ಬುಟ್ರು."

ಶಿವಶಂಕರ ಇನ್ನೂ ಏನೇನೋ ಅಂದ. ಪುಟ್ಟಮಾದಯ್ಯನಿಗೆ ಕೇಳಿಸಿದ್ದು ಅಷ್ಟೇ. ಹಲಗೆ ಮೇಲೆ ಕುಕ್ಕರಿಸಿದ.

ಚಾಮರಾಜನಗರದ ಆಸ್ಪತ್ರೆಗೆ ಹೋದಾಗ ಗಿರೀಶ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಪಕ್ಕದಲ್ಲಿ ಪುಟ್ಟಮಲ್ಲಮ್ಮ ಕಣ್ಣೊರೆಸಿಕೊಳ್ತಾ ಕೂತಿದ್ದಳು. "ಸದ್ಯ ಬಾವಾ, ಮುಂದಕ್ಕೆ ಹೊಸಾವು ಹಾಕಿದ್ದಕ್ಕೆ ಜೀವ ಉಳೀತು. ನನ್ ಮಾತು ನಡೆಸಿಕೊಟ್ಟೆ, ನಿನ್ ಋಣ ಹೆಂಗ್ ತೀರ್ಸಲಿ," ಅಂತ ಕೈಮುಗಿದಳು. ಗಿರೀಶ ಈ ಕಡೆ ತಿರುಗಿದ. ದೊಡ್ಡಪ್ಪನನ್ನೂ ಅವ್ವನನ್ನೂ ನೋಡಿದ. ಏನು ನಡೆದಿದೆ ಅಂತ ಅವನಿಗೆ ಆಗ ಪೂರ್ತಿ ತಿಳೀತು.

ಪುಟ್ಟಮಲ್ಲಮ್ಮ ನೀರು ತರೋಕೆ ಎದ್ದು ಹೋದಾಗ ಪುಟ್ಟಮಾದಯ್ಯ ಮೆಲ್ಲಗೆ ಕೇಳಿದ. "ಹತ್ತೋವಾಗ ನೋಡ್ಲಿಲ್ವೇನ್ಲಾ?"

"ನೋಡ್ದೆ. ಅವರಾಗ್ಲೇ ವಾಚ್ ನೋಡ್ತಾ ನಿಂತಿದ್ರು. ತೆಗ್ದು ಹಾಕಕ್ಕೆ ಜಾಕಿ ಇರ್ಲಿಲ್ಲ, ಟೈಮೂ ಇರ್ಲಿಲ್ಲ. ಓಡಿಸಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ, ನಿನ್ ಹೆಸ್ರು ಹೇಳ್ಬೇಕು. ಮೆಲ್ಲಗೆ ಕಾಲಿಟ್ಟು ನಿಭಾಯಿಸ್ತೀನಿ ಅಂದ್ಕೊಂಡೆ. ಆಗ್ಲಿಲ್ಲ." ಮತ್ತೆ ಗೋಡೆ ಕಡೆ ತಿರುಗಿ ಅಂದ, "ಸುಧಾಕರ್ ನಾಳೆ ಬೆಳಿಗ್ಗೆವರ್ಗೂ ಶಾಂತಮಲ್ಲಪ್ನೋರ ಮನೇಲೇ ಇರ್ತಾರಂತೆ."

ಅಷ್ಟೇ ಅಂದ. ಹೋಗಿ ಹೇಳು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಒಂದೇ ಒಂದು ಮಾತು ಆಗಬೇಕಿತ್ತು. ನಾನು ಹಾಕಿದ್ದು ಬುದ್ಧಿ, ಹುಡುಗ ಬೇಡ ಅಂತ ಕೈಮುಗಿದ, ನಾನು ಕೇಳಲಿಲ್ಲ. ಅಷ್ಟು ಹೇಳಿದರೆ ಕೈ ಕೂಡಿದ ಮೇಲೆ ಗಿರೀಶ ಕೊಯಮತ್ತೂರಿಗೆ ಹೋಗ್ತಿದ್ದ.

ಮಾರನೇ ದಿನ ಬೆಳಿಗ್ಗೆ ಪುಟ್ಟಮಾದಯ್ಯ ಶಾಂತಮಲ್ಲಪ್ಪನವರ ಮನೆಗೆ ಹೋದ. ಬಸ್ಸಲ್ಲಿ ದಾರಿಯುದ್ದಕ್ಕೂ ಆ ಮಾತನ್ನ ಬಾಯೊಳಗೇ ಹೇಳಿಕೊಂಡು ಹೋದ. ಜಗುಲಿ ಮೇಲೆ ಶಾಂತಮಲ್ಲಪ್ಪನವರು ಹಣೆ ತುಂಬಾ ವಿಭೂತಿ ಹಚ್ಚಿ ಕಾಫಿ ಕುಡೀತಾ ಕೂತಿದ್ದರು. ಪಕ್ಕದಲ್ಲಿ ಸುಧಾಕರ್, ಹೊರಡೋಕೆ ಬ್ಯಾಗು ಸಿದ್ಧ ಮಾಡಿ ಇಟ್ಟಿದ್ದರು. ಪುಟ್ಟಮಾದಯ್ಯ ಅಂಗಳದಲ್ಲೇ ನಿಂತು ಕೈಮುಗಿದ.

"ಬಾರೋ ಮಾದ," ಅಂದರು ಶಾಂತಮಲ್ಲಪ್ಪನವರು. "ಇವ್ನೇ ನೋಡಿ ಸುಧಾಕರ್, ನಾನ್ ಹೇಳಿದ್ನಲ್ಲ. ಟಯರ್ ವಿಷ್ಯದಲ್ಲಿ ಇವ್ನ ಮಾತು ಅಂದ್ರೆ ಎರಡು ತಾಲ್ಲೂಕಲ್ಲಿ ಎದುರಾಡೋರಿಲ್ಲ."

ಸುಧಾಕರ್ ಒಳ್ಳೇ ಮನುಷ್ಯರು. ಎದ್ದು ಮೆಟ್ಟಿಲ ತನಕ ಬಂದರು. "ಯಜಮಾನ್ರೇ, ನನಗೆ ಒಂದು ಅನುಮಾನ. ಘಾಟಿಯಲ್ಲಿ ಆ ಹುಡುಗ ಓಡಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ. ಅಂಥವನು ಅಗಲದ ಟಯರನ್ನ ಮುಂದಕ್ಕೆ ಹಾಕಿ ಅಂತ ಹೇಳೋಕೆ ಸಾಧ್ಯನೇ ಇಲ್ಲ. ನಿಜ ಹೇಳಿ. ಅವನೇ ಹಾಕ್ಸಿದ್ನಾ?"

ಇದಕ್ಕಿಂತ ಸಲೀಸಾಗಿ ದೇವರು ಕೇಳ್ತಾನೇನ್ರೀ ಯಾರನ್ನಾದರೂ? ಬಾಗಿಲು ತೆಗೆದು ಹಿಡಿದ ಹಾಗೆ ಕೇಳಿದರು. ಪುಟ್ಟಮಾದಯ್ಯ ಬಾಯಿ ತೆಗೆದ. ತೆಗೆದಾಗ ಸುಧಾಕರರ ಹೆಗಲಾಚೆ ಶಾಂತಮಲ್ಲಪ್ಪನವರ ಕಣ್ಣು ಕಂಡಿತು. ಕಾಫಿ ಲೋಟ ತುಟಿಯ ಹತ್ತಿರ ಹಿಡಿದು ಅವರು ಇವನನ್ನೇ ನೋಡ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಪೊಲೀಸಿನವರು ಇದೇ ಅಂಗಳದಲ್ಲಿ, ಆ ಟಯರು ಯಾರು ಹಾಕ್ಸಿದ್ದಯ್ಯ ಅಂತ ಕೇಳಿದಾಗಲೂ ಅವರು ಹಿಂಗೇ ನೋಡಿದ್ದರು. ಅಂಗಡಿಯ ಹೆಸರು, ಲಾರಿಯವರ ನಂಬಿಕೆ, ಊರಲ್ಲಿ ತಲೆಯೆತ್ತಿ ನಡೆದ ನಡಿಗೆ ಎಲ್ಲಾ ಒಂದೇ ಮಾತಿಗೆ ಬಿದ್ದುಹೋಗೋದು ಅವನ ಕಣ್ಣಮುಂದೆ ಬಂತು. ನಾನು ತಪ್ಪು ಮಾಡಿದೆ ಅನ್ನೋ ಮಾತನ್ನ ಆ ನಾಲಿಗೆ ಯಾವತ್ತೂ ಆಡಿರಲಿಲ್ಲ. ಅವತ್ತೂ ಆಡಲಿಲ್ಲ.

"ಹೂಂ ಬುದ್ಧಿ," ಅಂದ. "ಅವ್ನೇ ಹಾಕ್ಸಿದ್ದು. ನಾನ್ ಹೇಳ್ದೆ, ಕೇಳ್ಲಿಲ್ಲ."

ಸುಧಾಕರ್ ಅವನನ್ನ ಒಂದು ಗಳಿಗೆ ನೋಡಿ, ತಲೆ ಅಲ್ಲಾಡಿಸಿ, ಬ್ಯಾಗ್ ಎತ್ತಿಕೊಂಡರು. ಶಾಂತಮಲ್ಲಪ್ಪನವರು ಕಾಫಿ ಕುಡಿದು ಮುಗಿಸಿ, "ಹುಡುಗರ ಹಣೆಬರ. ನೀನ್ ಯೋಚ್ನೆ ಮಾಡ್ಬ್ಯಾಡ ಮಾದ, ಕೈ ಸರಿಯಾದ್ಮೇಲೆ ನಮ್ ಕ್ವಾರಿಲೇ ಏನಾರಾ ಕೆಲ್ಸ ಕೊಡನ," ಅಂದರು. ಥೂ! ಅಂಥಾ ಬಾಳೂ ಒಂದು ಬಾಳೇ? ವಾಪಸ್ ಬರೋವಾಗ ಬಸ್ಸಲ್ಲಿ ಪುಟ್ಟಮಾದಯ್ಯ ತನಗೇ ತಾನು ಹಂಗೇ ಉಗಿದುಕೊಂಡ. ಉಗಿದುಕೊಂಡರೆ ಏನು ಬಂತು? ಗುಂಡ್ಲುಪೇಟೆಯಲ್ಲಿ ಇಳಿದು ಅಂಗಡಿ ತೆರೆದ.

ಗಿರೀಶನ ಕೈ ಕೂಡಿತು, ಸ್ವಲ್ಪ ಸೊಟ್ಟಗೆ. ಮನೆಯಲ್ಲಿ ಮಾತು ಕಮ್ಮಿ ಮಾಡಿದ. ದೊಡ್ಡಪ್ಪನ ಜೊತೆ ಕೂತು ಉಣ್ಣೋದು ಬಿಟ್ಟ. ಜ್ವರ ಇಲ್ಲ, ಜಗಳ ಇಲ್ಲ, ಏನೂ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಟ್ಟೆ ಗಂಟು ಕಟ್ಟಿಕೊಂಡು ಚಾಮರಾಜನಗರಕ್ಕೆ ಹೋದ. ಏನು ಕೆಲಸ ಅಂತ ಪುಟ್ಟಮಲ್ಲಮ್ಮ ಕೇಳಿದ್ದಕ್ಕೆ, "ಕ್ವಾರಿಲಿ" ಅಂದನಂತೆ.

ಒಂದು ತಿಂಗಳಾದ ಮೇಲೆ, ಹನ್ನೊಂದು ಗಂಟೆ ಬಿಸಿಲಲ್ಲಿ, ಕರಿಕಲ್ಲು ಹೇರಿದ ಲಾರಿಯೊಂದು ಅಂಗಡಿ ಮುಂದೆ ಬಂದು ನಿಂತಿತು. ಪುಟ್ಟಮಾದಯ್ಯ ತಲೆಯೆತ್ತಿದ. ಡ್ರೈವರ್ ಸೀಟಿನಿಂದ ಇಳಿದವನು ಗಿರೀಶ.

ಲಾರಿಯ ಹಿಂದಿನಿಂದ ಹೊಸ ಟಯರು ಎರಡನ್ನ ಉರುಳಿಸಿಕೊಂಡು ಬಂದು ಮಲಗಿಸಿದ. "ಇವ್ನ ಹಾಕು ದೊಡ್ಡಪ್ಪ. ಮುಂದಕ್ಕೆ. ಇದು ಲಾರಿ."

ಪುಟ್ಟಮಾದಯ್ಯ ಟಯರುಗಳನ್ನ ನೋಡಿದ, ಲಾರಿಯನ್ನ ನೋಡಿದ. ಯಾವ ಗಾಡಿ ಹತ್ತಬೇಡ ಅಂತ ಇಪ್ಪತ್ತೆರಡು ವರ್ಷ ಬಡಕೊಂಡನೋ ಆ ಗಾಡಿಗೇ ಇವನನ್ನ ತಾನೇ ಹತ್ತಿಸಿದಂತಾಯ್ತಲ್ಲ. ಅದೂ ಅದೇ ಯಜಮಾನರ ಲಾರಿ. ಜಾಕಿ ಕೊಟ್ಟ. ಒಂದು ಟಯರು ಹಾಕಿದ, ಇನ್ನೊಂದು ಹಾಕಿದ. ಅಷ್ಟು ಹುಷಾರಾಗಿ ಅವನು ಜೀವಮಾನದಲ್ಲಿ ಯಾವ ಟಯರನ್ನೂ ಕೂರಿಸಿರಲಿಲ್ಲ. ಗಿರೀಶ ಹಲಗೆ ಮೇಲೆ ಕೂತು ಸೊಟ್ಟ ಮಣಿಕಟ್ಟನ್ನ ನೀವಿಕೊಳ್ತಿದ್ದ.

"ಸುಧಾಕರ್‌ಗೆ ನಾನು ಫೋನ್ ಮಾಡಿದ್ದೆ," ಅಂದ ಗಿರೀಶ. "ಇನ್ನೊಂದ್ ಸಲ ನೋಡಿ ಸಾರ್ ಅಂತ. ನಿಮ್ ದೊಡ್ಡಪ್ಪನ್ನೇ ಕೇಳ್ದೆ ಕಣಪ್ಪಾ, ಅವರೂ ನೀನೇ ಅಂದ್ರು, ಇನ್ನೇನ್ ಮಾಡ್ಲಿ ಅಂದ್ರು."

ಪುಟ್ಟಮಾದಯ್ಯ ಸ್ಪ್ಯಾನರ್ ಹಿಡಿದುಕೊಂಡು ಹಂಗೇ ನಿಂತ.

"ನಾನೇನೋ ಬಾಯಿಬಿಟ್ಟು, ನಾನೇ ಹಾಕ್ಸಿದ್ದು ಅಂತ ಹೇಳ್ದೆ. ನನ್ ಇಷ್ಟ." ಗಿರೀಶ ಎದ್ದು ಬಂದು ಎದುರಿಗೆ ನಿಂತ. ದನಿ ಜೋರು ಮಾಡಲಿಲ್ಲ. "ನಮ್ಮಪ್ಪ ಹೇಳಿರ್ಲಿಲ್ವಲ್ಲ ದೊಡ್ಡಪ್ಪಾ. ಅವನು ಅಲ್ಲೇ ಸತ್ತೋದ. ಅವನೇ ಹಾಕ್ಸಿದ್ದು ಅಂತ ಹೇಳಿದ್ ಯಾರು?"

ರಸ್ತೆಯಲ್ಲಿ ಊಟಿ ಬಸ್ಸು ಹಾರನ್ ಹೊಡ್ಕೊಂಡು ಹೋಯ್ತು. ಅದು ಹೋಗೋ ತನಕ ಪುಟ್ಟಮಾದಯ್ಯನಿಗೆ ಟೈಮಿತ್ತು. ಬಸ್ಸು ಹೋದ ಮೇಲೂ ಗಿರೀಶ ಅಲ್ಲೇ ನಿಂತಿದ್ದ.

"ನಾನೇ ಹೇಳಿದ್ದು ಕಣ್ಲಾ," ಅಂದ. ಕಣ್ಣಲ್ಲಿ ನೀರು ಬಂತು. "ಅವ್ನು ಬ್ಯಾಡ ಅಂದ. ನಾನೇ ಹಾಕ್ದೆ. ಹಾಕ್ಬುಟ್ಟು, ಅವ್ನೇ ಹಾಕ್ಸಿದ್ದು ಅಂತಾನೂ ನಾನೇ ಹೇಳ್ಬುಟ್ಟೆ."

ಗಿರೀಶ ಬಯ್ಯಲಿಲ್ಲ. ಕೈಯೆತ್ತಲಿಲ್ಲ. ಬೈದಿದ್ದರೆ, ಎರಡು ಬಾರಿಸಿದ್ದರೆ ಪುಟ್ಟಮಾದಯ್ಯ ಬದುಕಿಕೊಳ್ತಿದ್ದ. ಅವನು ದೊಡ್ಡಪ್ಪನ ಕೈಯಲ್ಲಿದ್ದ ಸ್ಪ್ಯಾನರನ್ನ ಮೆಲ್ಲಗೆ ಬಿಡಿಸಿಕೊಂಡ. ಮುಂದಿನ ಚಕ್ರದ ಹತ್ತಿರ ಕೂತ. ಪುಟ್ಟಮಾದಯ್ಯ ಬಿಗಿದಿದ್ದ ನಟ್ಟುಗಳನ್ನ ಆ ಸೊಟ್ಟ ಕೈಯಲ್ಲಿ, ಹಲ್ಲು ಕಚ್ಚಿಕೊಂಡು, ಒಂದೊಂದಾಗಿ ಮತ್ತೆ ಬಿಗಿದ. ಎದ್ದು ಆ ಕಡೆಯ ಚಕ್ರಕ್ಕೆ ಹೋಗಿ ಅಲ್ಲಿಯೂ ಎಲ್ಲವನ್ನೂ ಬಿಗಿದ. ಎದುರುಗಡೆ ಟೀ ಅಂಗಡಿಯಲ್ಲಿ ಕೂತಿದ್ದ ಡ್ರೈವರುಗಳೆಲ್ಲ ಲೋಟ ಹಿಡಿದುಕೊಂಡು ನೋಡ್ತಿದ್ದರು. ಪುಟ್ಟಮಾದಯ್ಯ ಜಾಕಿ ಎತ್ತಿ ಒಳಗಿಟ್ಟ.